ಒಗೆಯಬಾರದ ಸೀರೆ

ನಮ್ಮ ಮನೆಯ ಅಂಗಳದ ಸಂಪಿನ ಮುಚ್ಚಳದ ಮೇಲೆ ಒಂದು ಒರಳುಕಲ್ಲು ಕೂತಿದೆ. ಮುಚ್ಚಳ ಕಬ್ಬಿಣದ್ದು, ಅದಕ್ಕೆ ಬೀಗವೂ ಇದೆ, ಆದರೂ ಕಲ್ಲು ಬೇಕು. ನೀರು ಬಿಡುವ ದಿನ ಇಬ್ಬರು ಸೇರಿ ಅದನ್ನು ಉರುಳಿಸಬೇಕು, ನನ್ನ ಗಂಡ ಪ್ರತಿ ಸಲವೂ ಗೊಣಗುತ್ತಾರೆ, ನಾನು ಪ್ರತಿ ಸಲವೂ ಕೇಳಿಸದವಳಂತೆ ಇರುತ್ತೇನೆ. ಮಧುಗಿರಿಯಲ್ಲಿ ಕಾಲೇಜಿನ ಹುಡುಗಿಯರಿಗೆ ಸಸ್ಯಶಾಸ್ತ್ರ ಹೇಳಿಕೊಡುವವಳು ನಾನು. ಎಲೆ ಹೇಗೆ ಬೆಳಕಿನ ಕಡೆಗೆ ಹೊರಳುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿರುವಾಗ ಕಿಟಕಿಯಾಚೆ ಬೆಟ್ಟ ಬಿಸಿಲಿಗೆ ಬೆಳ್ಳಗಾಗಿ, ಅಂಚು ಕರಗಿ, ಆಕಾಶದೊಳಗೆ ಸೇರಿಹೋಗುವ ಒಂದು ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ ಬಾವಿ ಕಾಣುತ್ತದೆ. ಹಸಿರು ಸೀರೆಯೊಂದು ಕಲ್ಲಿನ ಮೇಲೆ ಮೆಲ್ಲಗೆ ಸರಿಯುತ್ತಿರುತ್ತದೆ. ಅದರ ಮೇಲೆ ಒಂದು ಮಗು ಬೋರಲು ಮಲಗಿರುತ್ತದೆ. ನಾನು ಆ ಮಗುವಿಗೆ ಬೆನ್ನು ತಿರುಗಿಸಿ ನಡೆಯುತ್ತಿರುತ್ತೇನೆ. ಬೋರ್ಡಿಗೆ ಮುಖ ಮಾಡಿ, ಮಕ್ಕಳಿಗೆ ಬೆನ್ನು ಮಾಡಿ ನಿಂತ ನನಗೆ ಆಗ ಸೀಮೆಸುಣ್ಣ ಹಿಡಿದ ಬೆರಳುಗಳ ಮೇಲೆ ನಂಬಿಕೆ ಇರುವುದಿಲ್ಲ.

ಅಪ್ಪ ಮಿಲಿಟರಿ ಲಾರಿ ಓಡಿಸುವ ಹವಾಲ್ದಾರ. ನನ್ನ ಎಂಟನೆಯ ವಯಸ್ಸಿನವರೆಗೆ ನಾವು ಉತ್ತರದ ಯಾವ್ಯಾವುದೋ ಕಂಟೋನ್ಮೆಂಟುಗಳ ಒಂದೇ ಥರದ ಕ್ವಾರ್ಟರ್ಸುಗಳಲ್ಲಿ ಬೆಳೆದೆವು. ಹಳದಿ ಗೋಡೆ, ಹಸಿರು ಬಾಗಿಲು, ಅಪ್ಪನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದ ಎರಡು ಕಪ್ಪು ಟ್ರಂಕು. ಟ್ರಂಕುಗಳು ಮಂಚದ ಕೆಳಗಿನಿಂದ ಹೊರಗೆ ಬಂದರೆ ಊರು ಬದಲಾಗುತ್ತದೆ ಎಂದು ನನಗೆ ಗೊತ್ತಿತ್ತು. ಆ ಸಲ ಟ್ರಂಕು ಹೊರಬಂದಾಗ ಮಾತ್ರ ನಾವು ಹೋಗುವ ಊರು ಯಾವುದೆಂದು ಯಾರೂ ಹೇಳಲಿಲ್ಲ. ಅಪ್ಪನಿಗೆ ಹಿಮ ಬೀಳುವ ಗಡಿಗೆ ವರ್ಗವಾಗಿತ್ತು, ಅಲ್ಲಿಗೆ ಸಂಸಾರ ಒಯ್ಯುವಂತಿಲ್ಲ. ಕ್ವಾರ್ಟರ್ಸು ಖಾಲಿ ಮಾಡಬೇಕು. ಇಂಥ ಹೊತ್ತಿನಲ್ಲಿ ಎಲ್ಲ ಸಿಪಾಯಿಗಳ ಹೆಂಡಿರೂ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗುತ್ತಿದ್ದರು. ಆದರೆ ಅಮ್ಮ ಆ ಕಂಟೋನ್ಮೆಂಟಿನ ಊರಿನಲ್ಲೇ ನರ್ಸಿಂಗ್ ಓದುತ್ತಿದ್ದಳು, ಇನ್ನು ಎಂಟು ತಿಂಗಳು ಬಾಕಿ ಇತ್ತು. ಹಾಸ್ಟೆಲಿನಲ್ಲಿ ಅವಳಿಗೊಂದು ಮಂಚ ಸಿಗುತ್ತಿತ್ತು. ನನಗೂ ಮೂರು ತುಂಬುತ್ತಿದ್ದ ತಮ್ಮ ಚಂದ್ರುವಿಗೂ ಸಿಗುತ್ತಿರಲಿಲ್ಲ.

ಅಪ್ಪ ಟ್ರಂಕಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತ ಹೇಳಿದ್ದು ನೆನಪಿದೆ.

"ಬಿಟ್ಬಿಡು ಗಿರಿಜಾ. ಮುಂದೆ ನೋಡಾಣ."

"ಮುಂದೆ ಅನ್ನೋದು ನಿಮ್ಮ ಲಾರಿಗೆ ಇರುತ್ತೆ. ನಂಗೆ ಈಗ ಬಿಟ್ರೆ ಇನ್ನಿಲ್ಲ."

ಅಮ್ಮ ಆಮೇಲೆ ನನ್ನ ಕಡೆ ತಿರುಗಿ, ನನಗೆ ಹೇಳುತ್ತಿದ್ದಾಳೋ ತನಗೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯದ ಹಾಗೆ, "ಇವನಿಗೆ ಒಂದು ಏಟಾಯ್ತು ಅಂತ ಗೊತ್ತಾದ್ರೂ ಸಾಕು, ಅವತ್ತೇ ಎಲ್ಲ ಬಿಟ್ಟು ಬಂದ್ಬಿಡ್ತೀನಿ" ಅಂದಳು. ಆ ಮಾತು ನನ್ನೊಳಗೆ ಉಳಿದದ್ದು ಹೀಗೆ: ಅಮ್ಮನ ಓದು ಚಂದ್ರುವಿನ ಮೈಮೇಲೆ ಇದೆ, ಚಂದ್ರು ನನ್ನ ಕೈಯಲ್ಲಿದ್ದಾನೆ.

ಅಪ್ಪ ಗಡಿಗೆ ಹೋದ. ಅಮ್ಮ ನಮ್ಮಿಬ್ಬರನ್ನೂ ಒಂದು ಟ್ರಂಕನ್ನೂ ಕರೆದುಕೊಂಡು ಊರ ಕಡೆ ಬಂದಳು, ನಮ್ಮನ್ನು ಇಡಲು ಒಂದು ಮನೆ ಹುಡುಕಲು. ಆ ವಾರ ನನ್ನ ನೆನಪಿನಲ್ಲಿ ಬಸ್ಸಿನ ಕಿಟಕಿಯ ಒಂದೇ ಉದ್ದ ಕನಸು. ಕೊರಟಗೆರೆಯಲ್ಲಿ ಅಮ್ಮನ ತವರು. ಅಜ್ಜಿಯ ಕಣ್ಣು ಮಂಜಾಗಿತ್ತು, ಅವಳು ನನ್ನ ಮುಖವನ್ನು ಬೆರಳಿನಿಂದ ಓದಿದಳು. ಮಾವನ ಹೆಂಡತಿ ಚಿತ್ರಾನ್ನ ಬಡಿಸುತ್ತ, "ಅಜ್ಜೀಗೇ ಒಬ್ಬರು ಬೇಕು ಕಣಮ್ಮ, ಇನ್ನು ಇವ್ರನ್ನ ಹಿಡಿಯೋರು ಯಾರು?" ಅಂದಳು. ಮಧುಗಿರಿಯಲ್ಲಿ ದೊಡ್ಡಮ್ಮನ ಮನೆ, ನಲ್ಲಿ, ಫ್ರಿಜ್ಜು, ಟೀವಿ. ಚಂದ್ರು ಟೀವಿಯ ಗುಂಡಿಗಳನ್ನೆಲ್ಲ ಒತ್ತಿದ. ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿ, "ಹುಡುಗಿ ಇರ್ಲಿ ಗಿರಿಜಾ, ಕೈಗೊದಗ್ತಾಳೆ. ಈ ಪುಂಡನ್ನ ಬೇರೆಲ್ಲಾದ್ರೂ ನೋಡು" ಅಂದರು. ಅಮ್ಮ ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದಳು, ಬೀದಿಗೆ ಬಂದಮೇಲೆ ನಮ್ಮಿಬ್ಬರ ಕೈಗಳನ್ನೂ ಒಂದೇ ಕೈಯಲ್ಲಿ ಹಿಡಿದಳು. ಪಾವಗಡದ ಹತ್ತಿರ ಅಪ್ಪನ ಚಿಕ್ಕಪ್ಪನ ಮನೆ. ಅಲ್ಲಿ ಕಲ್ಲುಗಳು ಉಸಿರು ಬಿಡುವಂಥ ಸೆಕೆ. ಆ ಮನೆಯ ಅಜ್ಜಿ ಅಮ್ಮನನ್ನು ತಬ್ಬಿಕೊಂಡು, ಮಕ್ಕಳನ್ನು ಅಗಲುವುದೆಂದರೆ ತನಗೇ ಎದೆ ಒಡೆಯುತ್ತದೆಂದು ಅರೆ ತೆಲುಗಿನಲ್ಲಿ ಅತ್ತಳು.

"ಅಯ್ಯೋ ತಲ್ಲೀ, ಪಿಲ್ಲಲ್ನ ಬುಟ್ಟು ನೀನೆಂಗಿರ್ತೀಯೇ? ನಂಗೇ ಗುಂಡೆ ಪಗಿಲೋಗ್ತದೆ!"

ಹೋಳಿಗೆ ಹಾಕಿದಳು, ಮತ್ತೆ ಅತ್ತಳು, ಹುರಿದ ಕಡ್ಲೆಕಾಯಿ ಕಟ್ಟಿಕೊಟ್ಟಳು. ಬಸ್ಸು ಮೂರು ಊರು ದಾಟಿದ ಮೇಲೆ ಅಮ್ಮ ಕಡ್ಲೆಕಾಯಿ ಸುಲಿಯುತ್ತ ಇದ್ದಕ್ಕಿದ್ದಂತೆ ನಕ್ಕಳು. ಅಷ್ಟೆಲ್ಲ ಅತ್ತವಳು ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

ಕೊನೆಗೆ ಉಳಿದದ್ದು ಶಿರಾ ಕಡೆಯ, ಹುಲಿಕುಂಟೆಯಿಂದ ಒಳಗೆ ನಡೆದುಹೋಗಬೇಕಾದ ಹಟ್ಟಿ. ಅಪ್ಪನ ಅಕ್ಕ ಈರಕ್ಕತ್ತೆಯ ಮನೆ. ಅಮ್ಮ ಅದನ್ನು ಕೊನೆಗೆ ಇಟ್ಟುಕೊಂಡದ್ದು ಯಾಕೆಂದು ಹೊಸ್ತಿಲಲ್ಲೇ ತಿಳಿಯಿತು. ಕುರಿಯ ವಾಸನೆ, ಕಂಬಳಿಯ ವಾಸನೆ, ಮನೆಯೊಳಗೇ ನಾಲ್ಕು ಮರಿಗಳು. ಈರಕ್ಕತ್ತೆ ಗಂಡನಿಲ್ಲದವಳು, ಎತ್ತರದವಳು, ಹೆಗಲಿನಿಂದ ಕಂಬಳಿ ಇಳಿಸದವಳು. ನೀರು ಕೊಟ್ಟಳು. ಚಂದ್ರುವನ್ನು ಎತ್ತಿಕೊಂಡು ಅವನ ನೆತ್ತಿ ಮೂಸಿದಳು, ಹೊಸ ಮರಿಯನ್ನು ಮೂಸುವ ಹಾಗೆ. ಅಮ್ಮ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳಿಗೆ ಜಾಗವೇ ಸಿಗಲಿಲ್ಲ.

"ಎಷ್ಟು ತಿಂಗ್ಳು?"

"ಎಂಟು, ಅಕ್ಕಾ."

"ಎಂಟು ತಿಂಗ್ಳಿಗೆ ಮರಿ ಕುರಿಯಾಯ್ತದೆ. ಬುಟ್ಟೋಗು."

ಅಮ್ಮನ ಕಣ್ಣು ತುಂಬಿತು. ಅತ್ತೆ ಅದನ್ನು ನೋಡದವಳಂತೆ ಮುಂದುವರಿಸಿದಳು.

"ಈಗ ಉಟ್ಟಿದೀಯಲ್ಲ, ಆ ಸೀರೆ ಬಿಚ್ಚಿಟ್ಟೋಗು. ಒಗೀಬ್ಯಾಡ."

"ಎಲ್ಲ ಬಸ್ಸಿನ ಧೂಳು, ಬೆವರು ಅಕ್ಕಾ. ಒಗೆದೇ ಕೊಡ್ತೀನಿ."

"ಒಗುದ್ರೆ ಅದು ಅಂಗಡಿ ಬಟ್ಟೆ ಕಣಮ್ಮ. ಒಗೀದಿದ್ರೆ ನೀನು."

ಆ ಮನೆಯಲ್ಲಿ ಇದೊಂದು ಹೊಸ ಸಂಗತಿಯಾಗಿರಲಿಲ್ಲ. ತಾಯಿ ಸತ್ತ ಮರಿಯನ್ನು ಇನ್ನೊಂದು ಕುರಿ ಹತ್ತಿರ ಸೇರಿಸದು. ಆಗ ಅತ್ತೆ ಆ ಕುರಿಯ ಹಾಲನ್ನೇ ಹಿಂಡಿ ಮರಿಯ ಮೈಗೆ ಸವರಿ, ಎರಡನ್ನೂ ಒಂದೇ ದೊಡ್ಡ ಮಂಕರಿ ಬುಟ್ಟಿಯ ಕೆಳಗೆ ಕವುಚಿಡುತ್ತಿದ್ದಳು. ಮೂರು ದಿನಕ್ಕೆ ವಾಸನೆ ಕೂಡಿ ಅವು ತಾಯಿ ಮಗುವಾಗುತ್ತಿದ್ದವು. ಮರಿಗೆ ಮೊದಲು ಮೂಗು, ಆಮೇಲೆ ಕಣ್ಣು ಎಂದು ಅವಳು ಹೇಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅಮ್ಮ ಹೊರಟಳು. ಮಾವಿನಕಾಯಿ ಅಂಚಿನ ಆ ಹಸಿರು ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ನನ್ನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದು ಕೆಂಪು ಟೇಪು ಕಟ್ಟಿದಳು.

"ಅವನಿಗೆ ಸೀರೆ. ನಂಗೆ?"

"ನಿಂಗೆ ಟ್ರಂಕಿನ ಕೀಲಿ. ನೀನು ದೊಡ್ಡವಳಲ್ವಾ."

ಕೀಲಿಯನ್ನು ದಾರಕ್ಕೆ ಪೋಣಿಸಿ ನನ್ನ ಕೊರಳಿಗೆ ಹಾಕಿದಳು. ಅತ್ತೆ ಆ ಹೊತ್ತಿಗೆ ಚಂದ್ರುವನ್ನು ಮುಳ್ಳುಬೇಲಿಯ ಕುರಿರೊಪ್ಪದೊಳಗೆ ಮರಿ ತೋರಿಸಲು ಕರೆದುಕೊಂಡು ಹೋಗಿದ್ದಳು. ತಾಯಿಯ ಬೆನ್ನು ಕಂಡರೆ ಮಗು ಹಿಂದೆ ಓಡುತ್ತದೆ, ಕಾಣಬಾರದು ಅಂತ. ಹಾಗಾಗಿ ಅಮ್ಮನ ಬೆನ್ನನ್ನು ನೋಡಿದವಳು ನಾನೊಬ್ಬಳೇ. ಅದು ಜಾಲಿಗಿಡಗಳ ನಡುವಿನ ಕಾಲುದಾರಿಯಲ್ಲಿ ಚಿಕ್ಕದಾಗುತ್ತ ಹೋಯಿತು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ಆಮೇಲಿನ ತಿಂಗಳುಗಳಿಗೆ ನನ್ನಲ್ಲಿ ಹಿಂದು ಮುಂದಿಲ್ಲ. ಬೆಳಕು ಮತ್ತು ವಾಸನೆಗಳಷ್ಟೇ ಇವೆ. ಚಪ್ಪಡಿ ಕಲ್ಲಿನ ಮಾಡು, ಬಗ್ಗಿ ಹೋಗಬೇಕಾದ ಬಾಗಿಲು, ಒಲೆಯ ಹೊಗೆ ಬೆಳಕಿನ ಕೋಲಿನಲ್ಲಿ ಸುತ್ತುತ್ತ ಗವಾಕ್ಷಿಯಿಂದ ಹೊರಹೋಗುವುದು. ಮುದ್ದೆ ತಿರುವುವ ಕೋಲಿನ ಗುದ್ದಿಗೆ ಮರಿಗಳು ಕಿವಿ ನಿಮಿರಿಸುವುದು. ಅಪ್ಪನ ಹೆಸರಿರುವ ಕಪ್ಪು ಟ್ರಂಕು ಮೂಲೆಯಲ್ಲಿ ಕೂತು ನನ್ನ ಓದುವ ಮೇಜಾಯಿತು. ಶಾಲೆಯಲ್ಲಿ ನಾನು ಬಾಯಿತಪ್ಪಿ "ಪಾನಿ" ಅಂದೆನೆಂದು ಹುಡುಗರು "ಲೇ, ಇಂದಿ ಉಡ್ಗಿ" ಎಂದು ಕೂಗುತ್ತಿದ್ದರು. ಅತ್ತೆಯ ಮಗ ಚಿಕ್ಕಣ್ಣ ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ಅಲೆಯುತ್ತ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಮನೆಯಲ್ಲಿದ್ದವಳು ಅವನ ಹೊಸ ಹೆಂಡತಿ ರತ್ನ, ಬರಗೂರಿನವಳು, ಎಸ್ಸೆಸ್ಸೆಲ್ಸಿ ಪಾಸಾದವಳು, ದಿನಕ್ಕೆ ಎರಡು ಸಲ ಕಸ ಗುಡಿಸುವವಳು. ಅವಳಿಗೂ ಅತ್ತೆಗೂ ಬೆಳಗಾದರೆ ಒಂದೇ ಜಗಳ.

"ಈ ಮನೇಲಿ ಮನುಷ್ರು ಇರಾದಾ, ಮರಿ ಇರಾದಾ ಅತ್ತೆ?"

"ಮರಿ ಮಾರಿ ಮಾಡ್ಸಿದ ತಾಳಿ ಕಣೇ ನಿನ್ ಕುತ್ಗೇಲಿರಾದು. ಅವಕ್ಕೆ ಒಸಿ ಮರ್ವಾದೆ ಕೊಡು."

ರತ್ನ ಮುಖ ತಿರುಗಿಸಿ ನಗುತ್ತಿದ್ದಳು, ಅತ್ತೆಯೂ ನಗುತ್ತಿದ್ದಳು, ಇಬ್ಬರೂ ತಾವು ನಕ್ಕದ್ದು ಇನ್ನೊಬ್ಬರಿಗೆ ಕಾಣಬಾರದೆಂಬ ಹಾಗೆ.

ಸಂಜೆ ಹಾಲಿನ ಹೊತ್ತಿಗೆ ಅತ್ತೆ ಮರಿಗಳನ್ನು ಕರೆಯುತ್ತಿದ್ದಳು. ನಾಲಿಗೆಯನ್ನು ಮೇಲಕ್ಕೆ ಒತ್ತಿ ಬಿಡುವ ಟಕ್ ಟಕ್ ಸದ್ದು, ಅದರ ಕೊನೆಗೆ ಉದ್ದಕ್ಕೆ ಎಳೆದ "ಬಾ…ವ್ವಾ". ಮರಿಗಳ ಜೊತೆ ಚಂದ್ರುವೂ ಓಡಿಬರುತ್ತಿದ್ದ, ಅವನ ಲೋಟವೂ ಅಲ್ಲೇ ಇರುತ್ತಿತ್ತು. ಹದಿನೈದು ದಿನದಲ್ಲಿ ಅವನು ಆ ಹಿಂಡಿನವನಾದ. ಒಂದು ದಿನ ಮರಿಯೊಂದು ಕಲ್ಲುಕ್ವಾರಿಯ ತುದಿಗೆ ಹೋಗಿ ನಿಂತಿತ್ತು. ಹಿಡಿಯಲು ಓಡಿದೆ. ಅತ್ತೆ ನನ್ನ ಜಡೆ ಹಿಡಿದು ಎಳೆದಳು.

"ಓಡುದ್ರೆ ಹಾರ್ತದೆ ಕಣೇ! ಕೂಗುದ್ರೂ ಹಾರ್ತದೆ. ಬೆನ್ನು ತೋರ್ಸು. ಬೆನ್ನು ಕಂಡ್ರೆ ತಾನೇ ಹಿಂದೆ ಬತ್ತದೆ."

ನಾವಿಬ್ಬರೂ ಬೆನ್ನು ತಿರುಗಿಸಿ ನಡೆದೆವು, ಅತ್ತೆ ಹಾಲಿನ ಕರೆ ಕರೆದಳು. ಮರಿ ಬಂತು. ನಾನು ಅದನ್ನೊಂದು ಆಟವೆಂದುಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ, ಮತ್ತೆ ಕತ್ತಲಾದಾಗ, ನಾನು ಕೊರಳಿನ ಕೀಲಿಯಿಂದ ಟ್ರಂಕು ತೆರೆದು ಸೀರೆ ಕೊಡಬೇಕು. ಚಂದ್ರು ಎದ್ದ ಕೂಡಲೇ ಮಡಿಸಿ ಒಳಗಿಟ್ಟು ಬೀಗ ಹಾಕಬೇಕು. ಹೊರಗೆ ಬಿಟ್ಟರೆ ವಾಸನೆ ಗಾಳಿಗೆ ಹೋಗುತ್ತದೆ ಎಂದು ಅತ್ತೆಯ ಕಟ್ಟಪ್ಪಣೆ. ಚಂದ್ರು ಆ ಸೀರೆಯನ್ನೇ ಅಮ್ಮ ಎಂದು ಕರೆಯತೊಡಗಿದ. "ಅಮ್ಮ ಕೊಡು" ಅನ್ನುವನು. ಕೊಟ್ಟರೆ ಮೂಗು ಹುದುಗಿಸಿ, ಎರಡು ಉಸಿರಿಗೆ ನಿದ್ದೆ. ಒಮ್ಮೊಮ್ಮೆ ಯಾರೂ ಇಲ್ಲದಾಗ ನಾನು ಟ್ರಂಕು ತೆರೆದು ತಲೆಯನ್ನು ಒಳಗೆ ಹಾಕುತ್ತಿದ್ದೆ. ಹಳೆಯ ತಗಡು, ಡಾಂಬರುಗುಳಿಗೆ, ಅದರಡಿಯಲ್ಲಿ ಎಲ್ಲೋ ಅಮ್ಮ. ಅವನು ಕೇಳಿ ಪಡೆಯುವುದನ್ನು ನಾನು ಕದ್ದು ಪಡೆಯುತ್ತಿದ್ದೆ.

ಯುಗಾದಿಗೆ ನಾಲ್ಕು ದಿನವಿದ್ದಾಗ ಹುಲಿಕುಂಟೆಯ ಎಸ್‌ಟಿಡಿ ಅಂಗಡಿಗೆ ಅಮ್ಮನ ಫೋನು ಬಂತು. ಅಷ್ಟು ದೂರದ ದನಿ ತೆಳ್ಳಗಾಗಿ, ನಡುನಡುವೆ ಮುಳುಗಿ ಏಳುತ್ತಿತ್ತು. ತಮ್ಮ ಉಂಡನಾ, ತಮ್ಮ ಮಲಗ್ತಾನಾ, ತಮ್ಮನಿಗೆ ನೆಗಡಿ ಇಲ್ಲ ತಾನೇ, ತಮ್ಮನ ಕೈ ಬಿಡಬೇಡ. ನಾನು ಎಲ್ಲಕ್ಕೂ ಹೂಂ ಅಂದೆ. ಶಾಲೆಯಲ್ಲಿ ನನಗೆ ಮೊದಲ ನಂಬರು ಬಂದಿತ್ತು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಸತ್ತುಹೋಯಿತು.

ಹಬ್ಬಕ್ಕೆ ಮೊದಲು ಆ ಸೀಮೆಯಲ್ಲಿ ಮನೆಯ ಬಟ್ಟೆಯನ್ನೆಲ್ಲ ಒಗೆಯುತ್ತಾರೆ. ಹೊದಿಕೆ, ದಟ್ಟಿ, ಹಾಸಿಗೆಯ ಕೌದಿ, ಒಂದು ಚಿಂದಿಯೂ ಬಿಡುವಂತಿಲ್ಲ, ಹೊಸ ವರ್ಷ ಹೊಲಸು ಬಟ್ಟೆಯ ಮೇಲೆ ಕಾಲಿಡಬಾರದು. ಆ ಒಗೆತದ ದಿನ ಅತ್ತೆ ಚಿಕ್ಕಣ್ಣನಿಗೆ ಬುತ್ತಿ ಕೊಡಲು ಹೊಲಕ್ಕೆ ಹೋಗಿದ್ದಳು. ರತ್ನ ಗಂಟುಗಳನ್ನು ಕಟ್ಟುತ್ತ ಮೂಲೆಯ ಟ್ರಂಕಿನ ಮುಂದೆ ನಿಂತಳು.

"ಸುಧಾ, ಇದ್ರಾಗಿನ ಸೀರೇನೂ ಒಗ್ದಾಕ್ಲಾ? ಉಚ್ಚೆ, ಹಾಲು, ಎಲ್ಲ ಸೇರಿ ಗಬ್ಬು ನಾರ್ತೈತೆ ಕಣೇ. ನಿಮ್ಮವ್ವ ಬಂದು ನೋಡುದ್ರೆ ನನ್ ಬಗ್ಗೆ ಏನಂದ್ಕೊಂತಾರೆ?"

ಅವಳು ಕೇಳಿದಳು. ಕಸಿದುಕೊಳ್ಳಲಿಲ್ಲ. ಕೀಲಿ ನನ್ನ ಕೊರಳಲ್ಲಿತ್ತು. ಬೇಡ ಅನ್ನಬೇಕೆಂದು ನನಗೆ ಗೊತ್ತಿತ್ತು, ಆ ಮನೆಯಲ್ಲಿ ಅದು ಎಲ್ಲರಿಗಿಂತ ಹೆಚ್ಚು ನನಗೇ ಗೊತ್ತಿತ್ತು.

"ಹೂಂ" ಅಂದೆ.

ಬೀಗ ತೆಗೆದು ನಾನೇ ಎತ್ತಿಕೊಟ್ಟೆ. ಫೋನಿನಲ್ಲಿ ಅಮ್ಮನಿಗೆ ಅಂದ ಹೂಂಗಳ ಹಾಗೆಯೇ ಇತ್ತು ಅದೂ, ಅಷ್ಟೇ ಹಗುರ. ಯಾಕೆ ಅಂದೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ರತ್ನನ ಮೇಲಿನ ಪ್ರೀತಿಯಿಂದ ಎಂದು ಕೆಲವು ಸಲ ಹೇಳಿಕೊಂಡಿದ್ದೇನೆ. ಅಲ್ಲ. ನನಗಿಲ್ಲದ್ದು ಅವನಿಗೂ ಇಲ್ಲದಿರಲಿ ಎಂದೇ.

ಹಟ್ಟಿಯ ಹಿಂದೆ ಹಳೆಯ ಕಪಿಲೆ ಬಾವಿ. ಎತ್ತುಗಳು ನೀರೆಳೆಯುವುದು ನಿಂತು ಎಷ್ಟೋ ಕಾಲವಾಗಿತ್ತು, ಸುತ್ತ ಕಟ್ಟೆ ಇರಲಿಲ್ಲ, ನೆಲಕ್ಕೆ ನೆಲ ಸಮನಾಗಿ ಬಾಯಿ ತೆರೆದುಕೊಂಡಿತ್ತು. ಬಹಳ ಕೆಳಗೆ ಪಾಚಿಯ ನೀರು. ಪಕ್ಕದ ತೊಟ್ಟಿಯ ಹತ್ತಿರ ಹೆಂಗಸರು ಬಟ್ಟೆ ಒಗೆದು ಬಂಡೆಗಳ ಮೇಲೆ, ಬಂದರೆಯೆಂಬ ಕುರುಚಲು ಗಿಡಗಳ ಮೇಲೆ ಹರವುತ್ತಿದ್ದರು. ಅಂದು ಹಟ್ಟಿಯವರೆಲ್ಲರ ಬಟ್ಟೆಯೂ ಅಲ್ಲೇ. ಜಾಗ ಸಾಲದೆ ರತ್ನ ಅಮ್ಮನ ಸೀರೆಯನ್ನು ಬಾವಿಯ ಅಂಚಿನ ಚಪ್ಪಡಿಯ ಮೇಲೆ ಹಾಸಿ, ಒಂದು ತುದಿಗೆ ಕಲ್ಲುಗಳನ್ನು ಹೇರಿದಳು. ಸೆರಗು ಬಾವಿಯೊಳಗೆ ಇಳಿಬಿದ್ದಿತ್ತು. ಅಷ್ಟು ದಿನ ಟ್ರಂಕಿನಲ್ಲಿದ್ದ ಹಸಿರು ಬಿಸಿಲಿಗೆ ಎಷ್ಟು ಚೆಂದ ಹೊಳೆಯುತ್ತಿತ್ತೆಂದರೆ ನನಗೆ ಸಂತೋಷವೇ ಆಯಿತು.

ಮಧ್ಯಾಹ್ನ ಚಂದ್ರು ಉಂಡು ಚಾಪೆಯ ಮೇಲೆ ಕೂತ. ರತ್ನ ಇನ್ನೊಂದು ಗಂಟು ಹೊತ್ತು ತೊಟ್ಟಿಯ ಕಡೆ ಹೊರಡುವ ಮುಂಚೆ ಬೂದಿ ತರಲೆಂದು ಪಕ್ಕದ ಮನೆಗೆ ಹೋಗಿದ್ದಳು.

"ಅಮ್ಮ ಕೊಡು."

"ಅಮ್ಮ ಇಲ್ಲ. ಅಮ್ಮ ಬಾವಿ ಹತ್ರ ಒಣಗ್ತಿದಾಳೆ."

ಈ ಮಾತನ್ನೂ ನಾನೇ ಆಡಿದೆ. ಅವನು ಸ್ವಲ್ಪ ಅತ್ತು, ಗೋಡೆಯ ಕಡೆ ತಿರುಗಿ ಮಲಗಿದ. ಉಸಿರು ನಿಧಾನವಾದದ್ದನ್ನು ನೋಡಿ ನಾನು ಹೊರಗೆ ಬೇವಿನ ನೆರಳಿನಲ್ಲಿ ಕುಂಟೆಬಿಲ್ಲೆ ಗೆರೆ ಎಳೆದೆ. ಒಂದು ಸುತ್ತು ಆಡಿದೆ, ಇನ್ನೊಂದು ಸುತ್ತು. ತೊಟ್ಟಿಯ ಹೆಂಗಸರು ಉಣ್ಣಲು ಹೋಗಿದ್ದರು, ಗಾಳಿ ಇರಲಿಲ್ಲ, ಎಲ್ಲೂ ಒಂದು ಸದ್ದಿರಲಿಲ್ಲ, ಹಟ್ಟಿಯೇ ನಿದ್ದೆಯಲ್ಲಿದ್ದ ಹಾಗೆ. ಒಳಗೆ ಇಣುಕಿದರೆ ಚಾಪೆ ಖಾಲಿಯಾಗಿತ್ತು.

ಮನೆಯ ಹಿಂದಕ್ಕೆ ಓಡಿದೆ. ಅವನು ಆಗಲೇ ಅಲ್ಲಿದ್ದ. ಸೀರೆಯ ಮೇಲೆ ಬೋರಲು ಮಲಗಿ, ಮೂಗು ಒತ್ತಿ, ಮೂಸಿ, ಸಿಗದೆ, ಇನ್ನೊಂದು ಚೂರು ಮುಂದಕ್ಕೆ ತೆವಳಿ, ಮತ್ತೆ ಮೂಸುತ್ತಿದ್ದ. ಸೋಪಿನಾಚೆ ಎಲ್ಲೋ ಅಮ್ಮ ಉಳಿದಿರಬೇಕೆಂದು ಹುಡುಕುತ್ತ ಸೆರಗಿನ ಕಡೆಗೆ ಹೋಗುತ್ತಿದ್ದ. ಅವನ ತಲೆ ಚಪ್ಪಡಿಯ ಅಂಚು ದಾಟಿ ಬಾವಿಯ ಮೇಲಿತ್ತು. ಅವನು ಒಮ್ಮೆ ತೆವಳಿದಾಗ ಸೀರೆ ಒಂದು ಬೆರಳು ಸರಿಯುತ್ತಿತ್ತು, ಕಲ್ಲುಗಳೂ ಸರಿಯುತ್ತಿದ್ದವು. ನಾನು ಬಾಯಿ ತೆರೆದೆ. ಕಾಲು ಎತ್ತಿದೆ. ಆಗ ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದರು. ಹೊಲದಿಂದ ಬಂದ ಅತ್ತೆ, ತಲೆಯ ಮೇಲೆ ಬುತ್ತಿಯ ಖಾಲಿ ಕುಕ್ಕೆ.

"ಉಸುರು ಬುಡಬ್ಯಾಡ. ತಿರಿಕ್ಕೊ."

ನಾನು ಆಗುವುದಿಲ್ಲ ಎಂದು ತಲೆ ಆಡಿಸಿದೆ.

"ತಿರಿಕ್ಕೊ ಅಂದ್ನಲ್ಲ. ಬೆನ್ನು ತೋರ್ಸು."

ಅವಳು ನನ್ನ ಮಣಿಕಟ್ಟು ಹಿಡಿದು ತಿರುಗಿಸಿದಳು. ಬಾವಿಗೆ, ಮಗುವಿಗೆ ಬೆನ್ನು ಮಾಡಿ ನಡೆಯತೊಡಗಿದಳು. ಸಂಜೆಯ ಹಾಲಿನ ಹೊತ್ತಿನ ಹಾಗೆ, ಅವಸರವೇ ಇಲ್ಲದ ಹಾಗೆ. ಟಕ್ ಟಕ್. ಬಾ…ವ್ವಾ. ನಾನು ಹೆಜ್ಜೆಗಳನ್ನು ಎಣಿಸಿದೆ, ಬೇರೆ ಏನು ಮಾಡಬೇಕೆಂದು ತಿಳಿಯದೆ. ಒಂದು, ಎರಡು. ಮುಂದೆ ಬೇವಿನ ಮರ, ಅದರ ಕೆಳಗೆ ನಾನು ಎಳೆದ ಗೆರೆಗಳು. ಮೂರು, ನಾಲ್ಕು. ಹಿಂದೆ ಬಟ್ಟೆ ಕಲ್ಲಿಗೆ ಉಜ್ಜಿದ ಸದ್ದು. ಐದು. ಕಲ್ಲೊಂದು ಉರುಳಿತು. ಆಮೇಲೆ ಏನೂ ಇಲ್ಲ, ಬಹಳ ಹೊತ್ತು ಏನೂ ಇಲ್ಲ, ಆಮೇಲೆ ತುಂಬಾ ಕೆಳಗೆ ನೀರಿನ ಸದ್ದು. ಅತ್ತೆಯ ಬೆರಳು ನನ್ನ ಮಣಿಕಟ್ಟಿಗೆ ಉಗುರು ಇಳಿಸಿತು. ಆದರೆ ಅವಳ ಕಾಲು ನಿಲ್ಲಲಿಲ್ಲ, ಕರೆ ನಡುಗಲಿಲ್ಲ. ಬಾ…ವ್ವಾ. ಏಳು. ಎಂಟು. ನನಗೆ ಈಗಲೂ ಬರುವ ಕನಸು ಇಲ್ಲಿಯವರೆಗೇ ಬರುತ್ತದೆ, ಎಂಟರಲ್ಲಿ ಎಚ್ಚರವಾಗುತ್ತದೆ.

ಹನ್ನೊಂದನೆಯ ಹೆಜ್ಜೆಗೆ ನನ್ನ ಲಂಗವನ್ನು ಯಾರೋ ಜಗ್ಗಿದರು.

ಅತ್ತೆ ಅವನನ್ನು ಎತ್ತಿಕೊಳ್ಳಲಿಲ್ಲ. ಇದ್ದಲ್ಲೇ ಕುಕ್ಕರಿಸಿದಳು, ತಲೆಯ ಮೇಲಿನ ಕುಕ್ಕೆ ಬಿದ್ದು ಉರುಳಿತು. ನಾನು ತಿರುಗಿ ನೋಡಿದೆ. ಚಪ್ಪಡಿ ಬರಿದಾಗಿತ್ತು. ಸೀರೆ ಹೋಗಿತ್ತು.

ರತ್ನ ಬಂದಳು, ಬೂದಿಯ ಬಟ್ಟಲು ಕೈಯಲ್ಲೇ ಉಳಿಯಿತು.

"ಯಾರೇ ತೆಗುದ್ಕೊಟ್ಟೋರು ಸೀರೇನ?" ಅತ್ತೆ ಕೇಳಿದಳು.

ರತ್ನ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ನಾನೇ ತಗಂಡೆ ಅತ್ತೆ" ಅಂದಳು ರತ್ನ.

ಅತ್ತೆ ನನ್ನ ಕೊರಳಿನ ಕೀಲಿಯನ್ನು ನೋಡಿದಳು. ಸಂಜೆ ಮುದ್ದೆ ಬಡಿಸುವಾಗ, ಯಾರಿಗೂ ಅಲ್ಲದ ಹಾಗೆ, "ಗಿರ್ಜಂಗೆ ಹೇಳ್ಬ್ಯಾಡ್ರಿ. ಹೇಳುದ್ರೆ ಓದು ಬುಟ್ಟು ಓಡ್ಬತ್ತಾಳೆ" ಅಂದಳು. ಅಂದು ಚಂದ್ರು ಕೇಳಿ ಪಡೆಯುವ ಅಮ್ಮ ಇಲ್ಲದೆ ಬಹಳ ಹೊತ್ತು ಅತ್ತ. ಆಮೇಲೆ ನನ್ನ ಪಕ್ಕಕ್ಕೆ ಉರುಳಿಬಂದು ನನ್ನ ಜಡೆಯನ್ನು ಹಿಡಿದುಕೊಂಡು ಮಲಗಿದ. ಮಿಕ್ಕ ದಿನಗಳೆಲ್ಲ ಅವನು ಹಾಗೇ ಮಲಗಿದ.

ಅಮ್ಮ ಪಾಸಾಗಿ ಬಂದಳು, ಬಿಳಿ ಬೂಟಿನೊಂದಿಗೆ. ಚಂದ್ರುವನ್ನು ಎತ್ತಿ ತೂಗಿ ನೋಡಿ, "ಒಂದು ತರಚು ಕೂಡ ಇಲ್ಲ!" ಎಂದು ಈರಕ್ಕತ್ತೆಯ ಕಾಲು ಮುಟ್ಟಿದಳು. ಟ್ರಂಕು ತೆರೆದಾಗ ಕೇಳಿದಳು, ನನ್ನ ಹಸಿರು ಸೀರೆ ಎಲ್ಲಿ ಅಂತ.

"ಒಗೀವಾಗ ಬಾವೀಗೆ ಬಿತ್ತು ಕಣಮ್ಮ" ಅಂದಳು ಅತ್ತೆ.

"ಹೋಗ್ಲಿ ಬಿಡಿ ಅಕ್ಕಾ. ಸೀರೆ ತಾನೆ."

ಅಮ್ಮ ಆಮೇಲೆ ಎಷ್ಟೋ ಊರುಗಳ ಆಸ್ಪತ್ರೆಗಳಲ್ಲಿ ಎಷ್ಟೋ ಮಕ್ಕಳನ್ನು ತಾಯಿಯ ಹೊಟ್ಟೆಯಿಂದ ಕೈಗೆ ತೆಗೆದುಕೊಂಡಳು. ಪ್ರತಿ ಸಲ ಅವಳು ಆ ಬಿಳಿ ಬೂಟು ಹಾಕಿಕೊಂಡಾಗ ನನಗೆ ಹೇಳಬೇಕೆನಿಸಿತು, ಹೇಳಲಿಲ್ಲ. ಅತ್ತೆ ಮೊದಲು ಹೋದಳು, ಹೋದ ವರ್ಷ ಅಮ್ಮನೂ ಹೋದಳು. ನನ್ನ ಹೂಂ ಕೇಳಿಸಿಕೊಳ್ಳಬೇಕಾದವರಲ್ಲಿ ಉಳಿದವನು ಒಬ್ಬನೇ.

ಅವನು ಕಳೆದ ತಿಂಗಳು ಬಂದ. ಚಂದ್ರುವೂ ಅಪ್ಪನ ಹಾಗೆ ಮಿಲಿಟರಿ ಸೇರಿದವನು. ಈಗ ಅವನಿಗೆ ವರ್ಗವಾಗಿದೆ, ಹೆಂಡತಿ ಎರಡನೆಯ ಬಸಿರಿನಲ್ಲಿ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರಿಂದ ತವರಿನಲ್ಲಿ ಮಲಗಿದ್ದಾಳೆ, ಮೂರೂವರೆಯ ಮಗಳು ಮಿನ್ನಿಯನ್ನು ಎರಡು ತಿಂಗಳು ನನ್ನಲ್ಲಿ ಬಿಡಬೇಕು. ಫೋನಿನಲ್ಲಿ ಅವನು ಕೇಳುವ ಮುಂಚೆಯೇ ಬಿಟ್ಟುಹೋಗು ಅಂದಿದ್ದೆ. ಬಂದವನಿಗೆ ಕಾಫಿ ಕೊಟ್ಟು, ತೊಟ್ಟ ಅಂಗಿ ಬಿಚ್ಚಿಕೊಡು, ಒಗೆಯಬೇಡ ಅಂದೆ. ಅವನು ನಕ್ಕ. ಆಗ ಎಲ್ಲವನ್ನೂ ಹೇಳಿದೆ. ಫೋನು, ಕೀಲಿ, ಹೂಂ, ಅಮ್ಮ ಒಣಗುತ್ತಿದ್ದಾಳೆ ಎಂದದ್ದು, ರತ್ನನ ಮೇಲೆ ಹಾಕಿ ಸುಮ್ಮನಿದ್ದದ್ದು. ಹೇಳುವಾಗ ಅವನ ಮುಖ ನೋಡಲಾಗದೆ ಸಿಂಕಿನ ಕಡೆ ತಿರುಗಿ ಲೋಟ ತೊಳೆಯುತ್ತಿದ್ದೆ.

"ಬಾವಿ ನೆನಪಿಲ್ಲ ಕಣಕ್ಕ" ಅಂದ ಅವನು. "ಸೀರೇನೂ ನೆನಪಿಲ್ಲ. ನಂಗೆ ಚಿಕ್ಕೋನಿದ್ದಾಗಿಂದು ಅಂತ ನೆನಪಿರೋದು ಒಂದೇ. ಮುಂದೆ ಎರಡು ಕೆಂಪು ಟೇಪು ಹೋಗ್ತಾ ಇವೆ. ಅಲ್ಲಾಡ್ತಾ ಅಲ್ಲಾಡ್ತಾ. ನಾನು ಅವನ್ನ ಹಿಡಿಯೋಕೆ ಎದ್ದು ಬರ್ತಾ ಇದೀನಿ. ಎಲ್ಲಿ ಏನು ಅಂತ ಗೊತ್ತಿರ್ಲಿಲ್ಲ, ಇವತ್ತಿನವರೆಗೂ."

ಅತ್ತೆ ಹೇಳಿ ಅವನಲ್ಲಿ ಮೂಡಿದ ನೆನಪಿರಬಹುದೇ ಎಂದು ಯೋಚಿಸಿದೆ. ಆದರೆ ಅತ್ತೆ ನನ್ನ ಪಕ್ಕದಲ್ಲಿ ಮುಂದೆ ನೋಡುತ್ತ ನಡೆಯುತ್ತಿದ್ದಳು. ಅಂದು ನನ್ನ ಬೆನ್ನನ್ನು ನೋಡಿದವರು ಬೇರೆ ಯಾರೂ ಇರಲಿಲ್ಲ. ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತೇ ಇದ್ದೆ, ಅವನೇ ಎದ್ದು ಬಂದು ನಿಲ್ಲಿಸಿದ.

ಹೊರಡುವಾಗ ಗೇಟಿನಲ್ಲಿ ಕೇಳಿದ.

"ಹೆಂಗೆ ಹೋಗ್ಲಿ ಹೇಳು. ಇವಳನ್ನ ಒಳಗೆ ಕರ್ಕೊಂಡು ಹೋಗ್ತೀಯಾ?"

"ಇಲ್ಲ. ಹೇಳಿ ಹೋಗು. ಮುಖ ತೋರಿಸ್ಕೊಂಡೇ ಹೋಗು."

ಅವನು ಬ್ಯಾಗು ಹೆಗಲಿಗೇರಿಸಿ, ಮಗಳ ಕಡೆ ಮುಖ ಮಾಡಿ, ಕೈ ಬೀಸುತ್ತ ಹಿಂದುಹಿಂದಕ್ಕೆ ನಡೆದ. ಬೀದಿಯ ನಾಯಿ ಎದ್ದು ದಾರಿ ಬಿಟ್ಟಿತು, ಎದುರುಮನೆಯವರು ನಕ್ಕರು, ಅವನೂ ನಗುತ್ತ, ಕಣ್ಣೊರೆಸುತ್ತ, ಮೂಲೆಯ ತನಕ ಹಾಗೇ ಹೋದ. ಮೂಲೆ ತಿರುಗಿದ. ಮಿನ್ನಿ ಗೇಟಿನ ಸರಳು ಹಿಡಿದು ಕಿರುಚತೊಡಗಿದಳು. ಕರೆದರೆ ಬರಲಿಲ್ಲ, ಎತ್ತಿಕೊಳ್ಳಲು ಹೋದರೆ ಒದ್ದಳು. ಅಂಗಿ ತೋರಿಸಿದರೂ ನೋಡಲಿಲ್ಲ. ಗೇಟಿಗೆ ಬೀಗವಿತ್ತು, ಸಂಪಿನ ಮೇಲೆ ಕಲ್ಲಿತ್ತು, ಅವೆರಡನ್ನೂ ಮತ್ತೊಮ್ಮೆ ನೋಡಿದೆ.

ಆಮೇಲೆ ಅವಳಿಗೆ ಬೆನ್ನು ತಿರುಗಿಸಿದೆ. ಅವಳ ತಂದೆಯ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು, ಅದರ ತೋಳು ಬೆನ್ನ ಮೇಲೆ ಆಡುವಂತೆ ಬಿಟ್ಟು, ಮನೆಯ ಬಾಗಿಲ ಕಡೆ ನಡೆದೆ. ನಾಲಿಗೆ ಒಣಗಿತ್ತು, ಮೊದಲ ಸಲ ಸದ್ದೇ ಬರಲಿಲ್ಲ. ಎರಡನೆಯ ಸಲ ಬಂತು. ಟಕ್ ಟಕ್. ಬಾ…ವ್ವಾ. ಐದನೆಯ ಹೆಜ್ಜೆಗೆ ಅಳು ಸಣ್ಣದಾಯಿತು. ಏಳಕ್ಕೆ ನಿಂತಿತು. ಎಂಟು. ತಿರುಗಿ ನೋಡಲಿಲ್ಲ. ಒಂಬತ್ತಕ್ಕೆ ಗೇಟಿನ ಸರಳು ಬಿಟ್ಟ ಸದ್ದು, ಆಮೇಲೆ ಅಂಗಳದ ಕಲ್ಲಿನ ಮೇಲೆ ಗೆಜ್ಜೆ.